ಡಬ್ಲ್ಯೂ5500 ಚಿಪ್‌ನಲ್ಲಿ ಕಚ್ಚಾ ಈಥರ್ನೆಟ್: ಫ್ರೇಮ್ ಹೋಗದಿದ್ದಾಗ, ಬಾರದಿದ್ದಾಗ ಹುಡುಕುವ ಕ್ರಮ

ದಕ್ಷಿಣ ಕೊರಿಯಾದ ವಿಜ್‌ನೆಟ್ ಸಂಸ್ಥೆಯ ಡಬ್ಲ್ಯೂ5500 ಚಿಪ್ ಟಿಸಿಪಿ, ಯುಡಿಪಿ ಮೊದಲಾದ ಪ್ರೋಟೊಕಾಲ್‌ಗಳನ್ನು ತನ್ನ ಸರ್ಕ್ಯೂಟ್‌ನಲ್ಲೇ ಅಳವಡಿಸಿಕೊಂಡಿದ್ದರೂ, ಅವನ್ನೆಲ್ಲ ಬದಿಗಿಟ್ಟು ಈಥರ್ನೆಟ್ ಫ್ರೇಮನ್ನು (ತಂತಿಯ ಮೇಲೆ ಒಂದು ಸಲಕ್ಕೆ ಹೋಗುವ ದತ್ತಾಂಶದ ಕಟ್ಟನ್ನು) ಇದ್ದ ಹಾಗೆಯೇ ಕಳುಹಿಸುವ ಮತ್ತು ಪಡೆಯುವ ಮ್ಯಾಕ್‌ರಾ ಎಂಬ ವಿಧಾನವನ್ನೂ ಒದಗಿಸುತ್ತದೆ. ಎಲ್‌ಡಬ್ಲ್ಯೂಐಪಿಯಂತಹ ಸ್ಟ್ಯಾಕನ್ನು (ಜಾಲದ ಪ್ರೋಟೊಕಾಲ್‌ಗಳನ್ನು ನಡೆಸುವ ತಂತ್ರಾಂಶವನ್ನು) ತಮ್ಮ ಮೈಕ್ರೊಕಂಟ್ರೋಲರ್‌ನಲ್ಲಿಯೇ ಓಡಿಸಬಯಸುವವರಿಗೂ, ಐಪಿ ಇಲ್ಲದೆ ಸ್ವಂತ ಫ್ರೇಮ್ ವಿನ್ಯಾಸ ಬಳಸುವವರಿಗೂ ಈ ವಿಧಾನವೇ ಆಧಾರ. ಆದರೆ ಇಲ್ಲಿ ಫ್ರೇಮ್ ತಲುಪಿತೆಂದು ಎದುರಿನವರು ತಿಳಿಸುವ ಏರ್ಪಾಡು ಇಲ್ಲ, ತಲುಪದಿದ್ದರೆ ಚಿಪ್ ತಾನಾಗಿ ಮತ್ತೆ ಕಳುಹಿಸುವುದೂ ಇಲ್ಲ. ಏನೋ ತಪ್ಪಿದಾಗ ಹೊರಗೆ ಕಾಣುವುದು ಬರೀ ಮೌನ, ಮತ್ತು ಆ ಮೌನಕ್ಕೆ ಹತ್ತಾರು ಕಾರಣಗಳಿರಬಹುದು.

ಆದ್ದರಿಂದ ಮೊದಲು ಒಂದು ವಿಷಯವನ್ನು ಗಟ್ಟಿ ಮಾಡಿಕೊಳ್ಳಬೇಕು: ಈ ಚಿಪ್‌ಗೆ ಎರಡು ಮುಖಗಳಿವೆ. ಒಂದು ಮೈಕ್ರೊಕಂಟ್ರೋಲರ್ ಜೊತೆ ಮಾತನಾಡುವ ಎಸ್‌ಪಿಐ (ಚಿಪ್‌ಗಳ ನಡುವಿನ ಸರಣಿ ಸಂಪರ್ಕ) ಮುಖ, ಇನ್ನೊಂದು ಕೇಬಲ್ ಜೊತೆ ಮಾತನಾಡುವ ಭೌತಿಕ ಮುಖ. ಒಂದು ಸತ್ತಿದ್ದರೂ ಇನ್ನೊಂದು ಸರಿಯಾಗಿ ನಡೆಯುತ್ತಿರಬಹುದು. ದೋಷ ಯಾವ ಮುಖದಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಕೋಡ್ ತಿದ್ದಲು ಕುಳಿತರೆ ಸರಿಯಿದ್ದ ಭಾಗವೂ ಕೆಡುತ್ತದೆ. ಕೆಳಗೆ ರಿಜಿಸ್ಟರ್‌ಗಳ (ಚಿಪ್‌ನೊಳಗಿನ ಪುಟ್ಟ ಸ್ಮೃತಿ ಕೋಶಗಳ) ವಿಳಾಸ, ಮೌಲ್ಯಗಳನ್ನು 16ರ ಆಧಾರದ ಸಂಖ್ಯೆಯಲ್ಲಿ, ಹೆಕ್ಸ್ ಎಂಬ ಪದ ಸೇರಿಸಿ ಬರೆದಿದೆ. ಉಳಿದ ಅಂಕಿಗಳೆಲ್ಲ ಸಾಮಾನ್ಯ ದಶಮಾನದವು.

ಕೈ ಹಾಕುವ ಮುನ್ನ

ಪರೀಕ್ಷೆಯನ್ನು ಕಚೇರಿಯ ಅಥವಾ ಕಾಲೇಜಿನ ಜಾಲದಲ್ಲಿ ಮಾಡಬೇಡಿ. ಕಚ್ಚಾ ಫ್ರೇಮ್‌ನಲ್ಲಿ ಮೂಲ ವಿಳಾಸವನ್ನು ನಮ್ಮ ಕೋಡ್ ಬರೆಯುವುದರಿಂದ, ಒಂದು ತಪ್ಪು ಎಆರ್‌ಪಿ ಉತ್ತರ (ಐಪಿ ವಿಳಾಸ ಯಾವ ಸಾಧನದ್ದೆಂದು ತಿಳಿಸುವ ಸಂದೇಶ) ಬೇರೆಯವರ ಸಂಪರ್ಕವನ್ನೇ ಕಡಿಯಬಲ್ಲದು. ಇತರರ ಫ್ರೇಮ್‌ಗಳನ್ನು ಅನುಮತಿಯಿಲ್ಲದೆ ಹಿಡಿದು ಓದುವುದು ಸಹ ಸರಿಯಲ್ಲ. ಬೋರ್ಡ್ ಮತ್ತು ಕಂಪ್ಯೂಟರ್ ಎರಡನ್ನೇ ಜೋಡಿಸಿದ ಒಂದು ಅಗ್ಗದ ಸ್ವಿಚ್, ಅಥವಾ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್‌ಗೆ ನೇರ ಕೇಬಲ್, ಇಷ್ಟು ಸಾಕು.

ಕೇಬಲ್‌ನ ಇನ್ನೊಂದು ತುದಿ ಪಿಒಇ ಇಂಜೆಕ್ಟರ್‌ಗೆ (ಈಥರ್ನೆಟ್ ಕೇಬಲ್‌ನಲ್ಲೇ ವಿದ್ಯುತ್ ಹರಿಸುವ ಉಪಕರಣಕ್ಕೆ) ಹೋಗುತ್ತಿದೆಯೇ ಎಂಬುದನ್ನು ಕಣ್ಣಾರೆ ನೋಡಿ. ಗುಣಮಟ್ಟಕ್ಕೆ ಬದ್ಧವಾದ ಪಿಒಇ ಉಪಕರಣ ಎದುರಿನ ಸಾಧನವನ್ನು ಗುರುತಿಸಿದ ಮೇಲೆಯೇ ವಿದ್ಯುತ್ ಕೊಡುತ್ತದೆ. ಆದರೆ ಸಿಸಿ ಕ್ಯಾಮೆರಾ ಮತ್ತು ವೈರ್‌ಲೆಸ್ ಉಪಕರಣಗಳೊಂದಿಗೆ ಬರುವ ಪ್ಯಾಸಿವ್ ಇಂಜೆಕ್ಟರ್‌ಗಳು 24 ಅಥವಾ 48 ವೋಲ್ಟನ್ನು ಏನನ್ನೂ ಕೇಳದೆ ತಂತಿಗೆ ಹರಿಸುತ್ತವೆ, ಅದು ಸಣ್ಣ ಮಾಡ್ಯೂಲನ್ನು ಸುಟ್ಟುಹಾಕಬಹುದು. ಕಟ್ಟಡದ ಹೊರಗೆ ಹಾದುಹೋದ ಕೇಬಲ್ ಆಗಿದ್ದರೆ ಗುಡುಗು ಸಿಡಿಲಿನ ಹೊತ್ತಿನಲ್ಲಿ ಅದನ್ನು ಮುಟ್ಟಬೇಡಿ. ಆಸಿಲೊಸ್ಕೋಪ್‌ನ ಗ್ರೌಂಡ್ ಕ್ಲಿಪ್ ಸಾಮಾನ್ಯವಾಗಿ ಗೋಡೆಯ ಅರ್ತ್‌ಗೆ ಸೇರಿರುತ್ತದೆಂಬುದನ್ನು ಮರೆಯದೆ, ಅದನ್ನು ಬೋರ್ಡ್‌ನ ಗ್ರೌಂಡ್‌ಗೆ ಮಾತ್ರ ಕಚ್ಚಿಸಿ.

ಲಕ್ಷಣ: ಕೇಬಲ್ ಸಿಕ್ಕಿಸಿದರೂ ಲಿಂಕ್ ದೀಪ ಉರಿಯುವುದಿಲ್ಲ

ಲಿಂಕ್ ದೀಪಕ್ಕೂ ನೀವು ಬರೆದ ಕೋಡ್‌ಗೂ ಹೆಚ್ಚಿನ ಸಂಬಂಧವಿಲ್ಲ. ವಿದ್ಯುತ್ ಬಂದು ರಿಸೆಟ್ ಬಿಡುಗಡೆಯಾದ ಮೇಲೆ ಚಿಪ್‌ನ ಭೌತಿಕ ಭಾಗ ಎದುರಿನ ಉಪಕರಣದ ಜೊತೆ ತಾನಾಗಿಯೇ ವೇಗವನ್ನು ಒಪ್ಪಿಕೊಳ್ಳುತ್ತದೆ. ಹೀಗಾಗಿ ದೀಪ ಉರಿಯದಿದ್ದರೆ ನೋಡಬೇಕಾದದ್ದು ತಂತಿ ಮತ್ತು ವಿದ್ಯುತ್ತನ್ನು.

ಮೊದಲು ಕೇಬಲ್ ಬದಲಿಸಿ, ಸ್ವಿಚ್‌ನ ಬೇರೆ ಪೋರ್ಟ್‌ಗೆ ಹಾಕಿ. ಈ ಚಿಪ್ ಆಟೊ ಎಂಡಿಐಎಕ್ಸ್ ಸೌಲಭ್ಯ ಹೊಂದಿಲ್ಲ, ಅಂದರೆ ಕಳುಹಿಸುವ ಮತ್ತು ಪಡೆಯುವ ಜೋಡಿ ತಂತಿಗಳನ್ನು ತಾನಾಗಿ ಅದಲುಬದಲು ಮಾಡಿಕೊಳ್ಳುವುದಿಲ್ಲ. ಎದುರಿನ ಕಂಪ್ಯೂಟರ್ ಅಥವಾ ಸ್ವಿಚ್‌ಗೆ ಆ ಸಾಮರ್ಥ್ಯವಿದ್ದರೆ ಯಾವ ಕೇಬಲ್ ಆದರೂ ನಡೆಯುತ್ತದೆ. ಇಂತಹ ಎರಡು ಬೋರ್ಡ್‌ಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಿದಾಗ ಮಾತ್ರ ಕ್ರಾಸ್‌ಓವರ್ ಕೇಬಲ್ ಬೇಕೇ ಬೇಕು.

ಆಮೇಲೆ ಮಲ್ಟಿಮೀಟರ್ ಹಿಡಿದು ಚಿಪ್‌ನ ಹತ್ತಿರದಲ್ಲೇ 3.3 ವೋಲ್ಟ್ ಇದೆಯೇ ಅಳೆಯಿರಿ. ಅದು ಹೊರಡುವ ಜಾಗದಲ್ಲಿ ಅಳೆದರೆ ಸಾಲದು. 100 ಮೆಗಾಬಿಟ್ ಲಿಂಕ್‌ನಲ್ಲಿ ಈ ಚಿಪ್ ಸುಮಾರು 130 ಮಿಲಿಆಂಪಿಯರ್ ಎಳೆಯುತ್ತದೆ. ಆರ್ಡುಯಿನೊ ಯುನೊದ 3.3 ವೋಲ್ಟ್ ಪಿನ್‌ಗೆ ನಿಗದಿಯಾಗಿರುವುದು 50 ಮಿಲಿಆಂಪಿಯರ್ ಮಾತ್ರ. ದೀಪ ಒಮ್ಮೆ ಮಿಂಚಿ ಆರುವುದು, ಕೇಬಲ್ ಹಾಕಿದ ಕ್ಷಣ ಬೋರ್ಡ್ ಮರುಪ್ರಾರಂಭವಾಗುವುದು ಇವೆಲ್ಲ ವಿದ್ಯುತ್ ಸಾಲದಿರುವುದರ ಗುರುತುಗಳು. ಪ್ರತ್ಯೇಕ ರೆಗ್ಯುಲೇಟರ್ ಕೊಟ್ಟರೆ ಸರಿಹೋಗುತ್ತದೆ. ರಿಸೆಟ್ ಪಿನ್ ಕೆಳಮಟ್ಟದಲ್ಲೇ ಉಳಿದಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ನೋಡಿಬಿಡಿ.

ನೀವೇ ವಿನ್ಯಾಸ ಮಾಡಿದ ಬೋರ್ಡ್ ಆಗಿದ್ದರೆ ಇನ್ನೆರಡು ಜಾಗಗಳಿವೆ: 25 ಮೆಗಾಹರ್ಟ್ಸ್ ಕ್ರಿಸ್ಟಲ್ ಕಂಪಿಸುತ್ತಿದೆಯೇ, ಮತ್ತು 1 ಶೇಕಡಾ ನಿಖರತೆಯ 12.4 ಕಿಲೊಓಮ್ ಆಧಾರ ರೆಸಿಸ್ಟರ್ ತನ್ನ ಜಾಗದಲ್ಲಿದೆಯೇ. ಚಿಪ್ ಬೆಚ್ಚಗಾಗುವುದು ಸಹಜ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ ತಕ್ಷಣ ವಿದ್ಯುತ್ ತೆಗೆದು, 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇದೆಯೇ ಪರೀಕ್ಷಿಸಿ. ಇದ್ದರೆ ಮುಂದಿನ ಯಾವ ಹಂತಕ್ಕೂ ಹೋಗಬೇಡಿ.

ಲಕ್ಷಣ: ದೀಪ ಉರಿಯುತ್ತದೆ, ಆದರೆ ಚಿಪ್ ಕೋಡ್‌ಗೆ ಸ್ಪಂದಿಸುವುದಿಲ್ಲ

ಇಲ್ಲಿ ಒಂದೇ ಪ್ರಶ್ನೆ ಕೇಳಿ ಎಸ್‌ಪಿಐ ಮುಖವನ್ನು ಪರೀಕ್ಷಿಸಬಹುದು. ಸಾಮಾನ್ಯ ರಿಜಿಸ್ಟರ್ ವಿಭಾಗದ ಹೆಕ್ಸ್ 0039 ವಿಳಾಸದಲ್ಲಿ ಆವೃತ್ತಿ ಸಂಖ್ಯೆ ಇದ್ದು, ಅದು ಯಾವಾಗಲೂ ಹೆಕ್ಸ್ 04 ಎಂದೇ ಬರಬೇಕು. ಬೇರೆ ಏನು ಬಂದರೂ ಅದೇ ಒಂದು ಸುಳಿವು.

ಎಲ್ಲ ಬಿಟ್‌ಗಳೂ ಒಂದಾಗಿ, ಅಂದರೆ ಹೆಕ್ಸ್ ಎಫ್‌ಎಫ್ ಬಂದರೆ, ಚಿಪ್‌ನಿಂದ ಬರುವ ಮಿಸೊ ತಂತಿಯನ್ನು ಯಾರೂ ಹಿಡಿದಿಲ್ಲ: ತಂತಿ ಬಿಟ್ಟುಹೋಗಿದೆ, ಅಥವಾ ಚಿಪ್ ಸೆಲೆಕ್ಟ್ (ಚಿಪ್ಪನ್ನು ಮಾತಿಗೆ ಆರಿಸುವ ತಂತಿ) ತಪ್ಪು ಪಿನ್‌ನಲ್ಲಿದೆ. ಹೆಕ್ಸ್ 00 ಬಂದರೆ ಚಿಪ್ ರಿಸೆಟ್‌ನಲ್ಲೇ ಇದೆ ಅಥವಾ ಮಿಸೊ ತಂತಿ ಗ್ರೌಂಡ್‌ಗೆ ತಾಗಿದೆ. ಹೆಕ್ಸ್ 02 ಅಥವಾ 08 ಬಂದರೆ ನಿಜವಾದ 04 ಒಂದು ಬಿಟ್‌ನಷ್ಟು ಸರಿದು ಕಾಣುತ್ತಿದೆ ಎಂದರ್ಥ. ಎಸ್‌ಪಿಐ ಮೋಡ್ 0 ಅಥವಾ 3 ಆಗಿರಬೇಕು, ಉಳಿದೆರಡು ನಡೆಯುವುದಿಲ್ಲ. ಒಮ್ಮೆ 04, ಇನ್ನೊಮ್ಮೆ ಬೇರೇನೋ ಬಂದರೆ ವೇಗ ಹೆಚ್ಚಾಗಿದೆ ಇಲ್ಲವೇ ತಂತಿ ಉದ್ದವಾಗಿದೆ. ತಯಾರಕರು ಖಾತ್ರಿ ಕೊಡುವ ವೇಗ 33.3 ಮೆಗಾಹರ್ಟ್ಸ್ ಆದರೂ, ಬ್ರೆಡ್‌ಬೋರ್ಡ್ ಮತ್ತು ಜಂಪರ್ ವೈರ್‌ಗಳಲ್ಲಿ 1 ಮೆಗಾಹರ್ಟ್ಸ್‌ನಿಂದ ಆರಂಭಿಸಿ ಮೇಲೇರುವುದೇ ಸರಿಯಾದ ಕ್ರಮ.

ರಿಸೆಟ್ ಸಂಕೇತವನ್ನು ಕನಿಷ್ಠ 500 ಮೈಕ್ರೊಸೆಕೆಂಡ್ ಕೆಳಮಟ್ಟದಲ್ಲಿ ಹಿಡಿದು, ಬಿಟ್ಟ ಮೇಲೂ ಒಳಗಿನ ಗಡಿಯಾರ ಸ್ಥಿರವಾಗಲು ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಕಾಯಿರಿ. ಪ್ರತಿ ವ್ಯವಹಾರದಲ್ಲಿ ಎರಡು ಬೈಟ್ ವಿಳಾಸ, ಒಂದು ಬೈಟ್ ನಿಯಂತ್ರಣ, ಆಮೇಲೆ ದತ್ತಾಂಶ ಹೋಗುತ್ತದೆ. ಇದು ಮುಗಿಯುವವರೆಗೂ ಚಿಪ್ ಸೆಲೆಕ್ಟ್ ಕೆಳಗೇ ಇರಬೇಕು. ಕೆಲವು ಲೈಬ್ರರಿಗಳು ಪ್ರತಿ ಬೈಟ್‌ಗೂ ಅದನ್ನು ಮೇಲೆತ್ತುತ್ತವೆ, ಆಗ ಚಿಪ್‌ಗೆ ಪ್ರತಿ ಬೈಟೂ ಹೊಸ ವಿಳಾಸದ ಆರಂಭವೆಂದೇ ತೋರುತ್ತದೆ. ಒಂದೇ ಎಸ್‌ಪಿಐ ತಂತಿಗಳಲ್ಲಿ ಎಸ್‌ಡಿ ಕಾರ್ಡ್ ಕೂಡ ಇದ್ದರೆ ಅದರ ಚಿಪ್ ಸೆಲೆಕ್ಟನ್ನು ಮೇಲ್ಮಟ್ಟದಲ್ಲಿಡಿ. ಆರ್ಡುಯಿನೊ ಈಥರ್ನೆಟ್ ಶೀಲ್ಡ್ 2ರಲ್ಲಿ ಅದು 4ನೇ ಪಿನ್, ಈಥರ್ನೆಟ್‌ನದು 10ನೇ ಪಿನ್.

ಓದುವುದು ಸರಿಯಾದ ಮಾತ್ರಕ್ಕೆ ಬರೆಯುವುದೂ ಸರಿ ಎಂದು ತಿಳಿಯಬೇಡಿ. ಹೆಕ್ಸ್ 0009 ವಿಳಾಸದಿಂದ ಆರಂಭವಾಗುವ ಮ್ಯಾಕ್ ವಿಳಾಸದ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಯ) ಆರು ಬೈಟ್‌ಗಳಿಗೆ ಬೇರೆ ಬೇರೆ ಮೌಲ್ಯಗಳನ್ನು ಬರೆದು, ಮರಳಿ ಓದಿ, ಹೋಲಿಸುವ ಕೆಲಸವನ್ನು ಒಂದು ಲೂಪ್‌ನಲ್ಲಿ ಸಾವಿರಾರು ಬಾರಿ ನಡೆಸಿ. ಒಮ್ಮೆಯೂ ತಪ್ಪದಿದ್ದರೆ ಮಾತ್ರ ಎಸ್‌ಪಿಐ ಮುಖವನ್ನು ಸಂಶಯದ ಪಟ್ಟಿಯಿಂದ ತೆಗೆಯಬಹುದು.

ಲಕ್ಷಣ: ಸಾಕೆಟ್ ಮ್ಯಾಕ್‌ರಾ ಸ್ಥಿತಿಗೆ ಬರುವುದಿಲ್ಲ

ಚಿಪ್‌ನಲ್ಲಿ ಸಾಕೆಟ್ ಎಂಬ ಎಂಟು ಸಂಪರ್ಕ ವಾಹಿನಿಗಳಿವೆ. ಮ್ಯಾಕ್‌ರಾ ವಿಧಾನ 0ನೇ ಸಾಕೆಟ್‌ನಲ್ಲಿ ಮಾತ್ರ ಲಭ್ಯ. ಅದರ ಮೋಡ್ ರಿಜಿಸ್ಟರ್‌ಗೆ ಹೆಕ್ಸ್ 04 ಬರೆದು, ಆದೇಶ ರಿಜಿಸ್ಟರ್‌ಗೆ ತೆರೆಯುವ ಆದೇಶವಾದ ಹೆಕ್ಸ್ 01 ಕೊಟ್ಟ ನಂತರ ಸ್ಥಿತಿ ರಿಜಿಸ್ಟರ್‌ನಲ್ಲಿ ಹೆಕ್ಸ್ 42 ಕಾಣಬೇಕು. 00 ಕಂಡರೆ ಬಹುಪಾಲು ಎರಡರಲ್ಲೊಂದು ಕಾರಣ: ನಿಯಂತ್ರಣ ಬೈಟ್‌ನಲ್ಲಿ ಸಾಕೆಟ್ ವಿಭಾಗದ ಬದಲು ಸಾಮಾನ್ಯ ವಿಭಾಗವನ್ನು ಆರಿಸಲಾಗಿದೆ (0ನೇ ಸಾಕೆಟ್‌ನ ರಿಜಿಸ್ಟರ್ ಓದಲು ಹೆಕ್ಸ್ 08, ಬರೆಯಲು ಹೆಕ್ಸ್ 0ಸಿ), ಇಲ್ಲವೇ ಹಿಂದಿನ ಆದೇಶ ಮುಗಿಯುವ ಮುನ್ನವೇ ಮುಂದಿನದನ್ನು ಬರೆಯಲಾಗಿದೆ. ಚಿಪ್ ಆದೇಶವನ್ನು ಸ್ವೀಕರಿಸಿದ ಮೇಲೆ ಆದೇಶ ರಿಜಿಸ್ಟರ್ ತಾನಾಗಿ ಶೂನ್ಯವಾಗುತ್ತದೆ. ಅಲ್ಲಿಯವರೆಗೆ ಕಾಯುವುದನ್ನು ಎಂದೂ ಬಿಡಬಾರದು.

ಲಕ್ಷಣ: ಕಳುಹಿಸಿದೆ ಎಂದು ಕೋಡ್ ಹೇಳುತ್ತದೆ, ಕಂಪ್ಯೂಟರ್‌ನಲ್ಲಿ ಏನೂ ಕಾಣುವುದಿಲ್ಲ

ಕಂಪ್ಯೂಟರ್‌ನ ಕಡೆಯಿಂದಲೇ ಆರಂಭಿಸಿ, ಏಕೆಂದರೆ ಅದಕ್ಕೆ ಖರ್ಚಿಲ್ಲ. ವೈರ್‌ಶಾರ್ಕ್ (ಫ್ರೇಮ್‌ಗಳನ್ನು ಹಿಡಿದು ತೋರಿಸುವ ತಂತ್ರಾಂಶ) ಸರಿಯಾದ ಇಂಟರ್‌ಫೇಸನ್ನು ನೋಡುತ್ತಿದೆಯೇ, ಲಿನಕ್ಸ್‌ನಲ್ಲಿ ಇಂಟರ್‌ಫೇಸ್ ಚಾಲನೆಯಲ್ಲಿದೆಯೇ (ಅಪ್), ಹಿಂದೆ ಹಾಕಿದ ಫಿಲ್ಟರ್ ಉಳಿದುಕೊಂಡಿದೆಯೇ ಎಂದು ನೋಡಿ. ಐಪಿ ವಿಳಾಸ ಸಿಗದಿದ್ದರೂ ಚಿಂತೆಯಿಲ್ಲ, ಕಚ್ಚಾ ಫ್ರೇಮ್ ನೋಡಲು ಅದು ಬೇಕಿಲ್ಲ.

ಮೊದಲ ಪರೀಕ್ಷಾ ಫ್ರೇಮ್‌ನ ಗಮ್ಯ ವಿಳಾಸದ ಆರೂ ಬೈಟ್‌ಗಳನ್ನು ಹೆಕ್ಸ್ ಎಫ್‌ಎಫ್ ಮಾಡಿ (ಅದು ಜಾಲದ ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್ ವಿಳಾಸ), ಪ್ರಕಾರದ ಜಾಗದಲ್ಲಿ ಹೆಕ್ಸ್ 88ಬಿ5 ಹಾಕಿ. ಸ್ಥಳೀಯ ಪ್ರಯೋಗಗಳಿಗೆಂದೇ ಮೀಸಲಾದ ಸಂಖ್ಯೆ ಅದು. ಮೂಲ ವಿಳಾಸದ ಮೊದಲ ಬೈಟ್ ಹೆಕ್ಸ್ 02 ಇರಲಿ. ಆ ಬೈಟ್ ಬೆಸ ಸಂಖ್ಯೆಯಾದರೆ ಅದು ಗುಂಪು ವಿಳಾಸವಾಗುತ್ತದೆ; ಗುಂಪು ವಿಳಾಸ ಮೂಲದ ಜಾಗದಲ್ಲಿ ಬರುವಂತಿಲ್ಲವಾದ್ದರಿಂದ ಅಂತಹ ಫ್ರೇಮನ್ನು ಸ್ವಿಚ್ ಸದ್ದಿಲ್ಲದೆ ಎಸೆಯಬಹುದು. ಒಟ್ಟು ಉದ್ದ 60 ಬೈಟ್‌ಗಿಂತ ಕಡಿಮೆಯಿದ್ದರೆ ಸೊನ್ನೆಗಳನ್ನು ತುಂಬಿ 60ಕ್ಕೆ ಏರಿಸಿ. ಮೇಲಿನ ಮಿತಿ 1514 ಬೈಟ್. ಮುನ್ನುಡಿ ಬಿಟ್‌ಗಳನ್ನೂ ಕೊನೆಯ 4 ಬೈಟ್ ಸಿಆರ್‌ಸಿಯನ್ನೂ (ದೋಷ ಪತ್ತೆಯ ಸಂಖ್ಯೆಯನ್ನೂ) ಚಿಪ್ಪೇ ಸೇರಿಸುತ್ತದೆ, ನೀವು ಸೇರಿಸಬೇಡಿ.

ಇಷ್ಟಾದರೂ ಕಾಣದಿದ್ದರೆ ಕಳುಹಿಸುವ ಕ್ರಮವನ್ನು ನೋಡಿ: ಬರೆಯುವ ಸೂಚಕವನ್ನು ಓದಬೇಕು, ಆ ಜಾಗದಿಂದ ಫ್ರೇಮನ್ನು ಬಫರ್‌ಗೆ ತುಂಬಬೇಕು, ಸೂಚಕಕ್ಕೆ ಉದ್ದವನ್ನು ಕೂಡಿಸಿ ಮರಳಿ ಬರೆಯಬೇಕು, ಆಮೇಲೆ ಕಳುಹಿಸುವ ಆದೇಶವಾದ ಹೆಕ್ಸ್ 20 ಕೊಡಬೇಕು. ಸೂಚಕವನ್ನು ಮುಂದೆ ಸರಿಸದೆ ಆದೇಶ ಕೊಟ್ಟರೆ, ಕಳುಹಿಸಲು ಏನೂ ಇಲ್ಲವೆಂದೇ ಚಿಪ್ ತಿಳಿಯುತ್ತದೆ. ಕೆಲಸ ಮುಗಿದಾಗ ಸಾಕೆಟ್‌ನ ಇಂಟರಪ್ಟ್ (ಗಮನ ಸೆಳೆಯುವ ಸಂಕೇತ) ರಿಜಿಸ್ಟರ್‌ನಲ್ಲಿ ಹೆಕ್ಸ್ 10 ಬಿಟ್ ಏಳುತ್ತದೆ, ಅದೇ ಬಿಟ್‌ಗೆ 1 ಬರೆದು ಅಳಿಸಬೇಕು. ಆ ಬಿಟ್ ಏಳದೇ ಇದ್ದರೆ ಹೆಕ್ಸ್ 002ಇ ವಿಳಾಸದ ಭೌತಿಕ ಸ್ಥಿತಿ ರಿಜಿಸ್ಟರ್ ಓದಿ: ಸಾಮಾನ್ಯ ಹೊಂದಾಣಿಕೆಯಲ್ಲಿ ಹೆಕ್ಸ್ ಬಿಎಫ್ ಬಂದರೆ 100 ಮೆಗಾಬಿಟ್ ಪೂರ್ಣ ದ್ವಿಮುಖ (ಎರಡೂ ಕಡೆಗೆ ಒಂದೇ ಹೊತ್ತಿನಲ್ಲಿ ಹೋಗುವ) ಲಿಂಕ್ ಇದೆ, ಕೊನೆಯ ಬಿಟ್ ಸೊನ್ನೆಯಾಗಿದ್ದರೆ ಲಿಂಕ್ ಇಲ್ಲ.

ಲಕ್ಷಣ: ಫ್ರೇಮ್ ಕಾಣುತ್ತದೆ, ಆದರೆ ವೈರ್‌ಶಾರ್ಕ್ ಅದನ್ನು ಬೇರೇನೋ ಎನ್ನುತ್ತದೆ

ಇದು ಹೆಚ್ಚಾಗಿ ಬೈಟ್ ಕ್ರಮದ ತಪ್ಪು. ತಂತಿಯ ಮೇಲೆ ದೊಡ್ಡ ಬೈಟ್ (ಸಂಖ್ಯೆಯ ಹೆಚ್ಚಿನ ಸ್ಥಾನದ ಬೈಟ್) ಮೊದಲು ಹೋಗಬೇಕು. ಬಹುತೇಕ ಮೈಕ್ರೊಕಂಟ್ರೋಲರ್‌ಗಳು ಚಿಕ್ಕ ಬೈಟನ್ನು ಮೊದಲು ಇಡುತ್ತವೆ. ಐಪಿಯ ಪ್ರಕಾರ ಸಂಖ್ಯೆ ಹೆಕ್ಸ್ 0800 ತಿರುಗಿ ಹೆಕ್ಸ್ 0008 ಆದರೆ, ಅದು 1536ಕ್ಕಿಂತ ಕಡಿಮೆಯಾದ್ದರಿಂದ ಪ್ರಕಾರವೆಂದಲ್ಲ, ಉದ್ದವೆಂದು ಓದಲ್ಪಟ್ಟು ಎಲ್‌ಎಲ್‌ಸಿ ಎಂಬ ಬೇರೆ ಬಗೆಯ ಫ್ರೇಮ್ ಎಂದು ಕಾಣುತ್ತದೆ. ಎಆರ್‌ಪಿಯ ಹೆಕ್ಸ್ 0806 ತಿರುಗಿದರೆ ಹೆಕ್ಸ್ 0608, ಅಂದರೆ ದಶಮಾನದಲ್ಲಿ 1544 ಆಗಿ, ಗುರುತಿಲ್ಲದ ಪ್ರಕಾರವೆಂದು ಕಾಣುತ್ತದೆ. ಒಂದೇ ತಪ್ಪು ಎರಡು ಬೇರೆ ರೂಪದಲ್ಲಿ ಕಾಣುವುದರಿಂದ ಎರಡು ದೋಷಗಳಿವೆಯೆಂದು ದಾರಿ ತಪ್ಪಬೇಡಿ. ಕೊನೆಯಲ್ಲಿ ಅರ್ಥವಿಲ್ಲದ 4 ಬೈಟ್ ಹೆಚ್ಚುವರಿ ಕಂಡರೆ ನಿಮ್ಮ ಕೋಡ್ ಸಿಆರ್‌ಸಿ ಸೇರಿಸುತ್ತಿದೆ.

ಲಕ್ಷಣ: ಕಳುಹಿಸಲು ಆಗುತ್ತದೆ, ಒಂದು ಫ್ರೇಮೂ ಬರುವುದಿಲ್ಲ

ಕಂಪ್ಯೂಟರ್‌ಗೆ ನೇರ ಕೇಬಲ್ ಹಾಕಿದರೆ ಅದು ಡಿಎಚ್‌ಸಿಪಿ (ಐಪಿ ವಿಳಾಸ ಕೇಳುವ) ಮತ್ತು ಐಪಿವಿ6 ವಿಚಾರಣೆಗಳನ್ನು ತಾನಾಗಿ ಕಳುಹಿಸುತ್ತಿರುತ್ತದೆ. ಆದ್ದರಿಂದ ಬೇರೆ ಏರ್ಪಾಡಿಲ್ಲದೆಯೂ ಬಂದ ದತ್ತಾಂಶದ ಗಾತ್ರ ತಿಳಿಸುವ ರಿಜಿಸ್ಟರ್ (ಹೆಕ್ಸ್ 0026) ಬೇಗನೆ ಏರತೊಡಗಬೇಕು. ಏರುತ್ತಿಲ್ಲವಾದರೆ ಸಾಕೆಟ್ ಮೋಡ್‌ನ ಮೇಲಿನ ನಾಲ್ಕು ಬಿಟ್‌ಗಳನ್ನು ನೋಡಿ. ಅವು ಕ್ರಮವಾಗಿ ಮ್ಯಾಕ್ ಫಿಲ್ಟರ್, ಬ್ರಾಡ್‌ಕಾಸ್ಟ್ ತಡೆ, ಮಲ್ಟಿಕಾಸ್ಟ್ (ಗುಂಪಿಗೆ ಕಳುಹಿಸಿದ ಫ್ರೇಮ್) ತಡೆ ಮತ್ತು ಐಪಿವಿ6 ತಡೆ. ಈ ಚಿಪ್ ತನ್ನದೇ ಮ್ಯಾಕ್ ವಿಳಾಸವನ್ನು ಹೊತ್ತು ಬರುವುದಿಲ್ಲ. ರಿಸೆಟ್ ಆದಾಗಲೆಲ್ಲ ಅದು ಸೊನ್ನೆ. ವಿಳಾಸ ಬರೆಯದೆ ಫಿಲ್ಟರ್ ಹಾಕಿದರೆ ನಿಮ್ಮ ಬೋರ್ಡ್‌ಗೆಂದೇ ಬಂದ ಫ್ರೇಮ್‌ಗಳೂ ಬಾಗಿಲಲ್ಲೇ ಬೀಳುತ್ತವೆ. ಪರೀಕ್ಷೆಯ ಮಟ್ಟಿಗೆ ನಾಲ್ಕನ್ನೂ ಸೊನ್ನೆ ಮಾಡಿ.

ಗಾತ್ರ ಏರುತ್ತಿದ್ದೂ ಕೋಡ್ ಎಚ್ಚರಗೊಳ್ಳದಿದ್ದರೆ ಇಂಟರಪ್ಟ್ ಹೊಂದಿಕೆಯನ್ನು ನೋಡಿ. ಇಂಟರಪ್ಟ್ ಪಿನ್ ಕೆಳಗಿಳಿದರೆ ಕಾರಣವನ್ನು ಅಳಿಸುವವರೆಗೂ ಕೆಳಗೇ ಇರುತ್ತದೆ. ಮೈಕ್ರೊಕಂಟ್ರೋಲರ್ ಇಳಿಯುವ ಅಂಚನ್ನು ಮಾತ್ರ ಗಮನಿಸುತ್ತಿದ್ದು, ಅದು ಸಿದ್ಧವಾಗುವ ಮುನ್ನವೇ ಒಂದು ಬ್ರಾಡ್‌ಕಾಸ್ಟ್ ಬಂದುಬಿಟ್ಟಿದ್ದರೆ, ಆ ಅಂಚು ಮತ್ತೆಂದೂ ಬರುವುದಿಲ್ಲ. ಮಟ್ಟವನ್ನು ಗಮನಿಸುವಂತೆ ಬದಲಿಸಿ, ಅಥವಾ ಆರಂಭದಲ್ಲಿ ಒಮ್ಮೆ ಇಂಟರಪ್ಟ್ ಬಿಟ್ ಅಳಿಸಿ ಬಫರ್ ಖಾಲಿ ಮಾಡಿ.

ಲಕ್ಷಣ: ಸ್ವಲ್ಪ ಹೊತ್ತು ಸರಿಯಾಗಿ ನಡೆದು, ಆಮೇಲೆ ಕಸ ಬರುತ್ತದೆ ಅಥವಾ ನಿಂತುಹೋಗುತ್ತದೆ

ಮ್ಯಾಕ್‌ರಾ ಬಳಸುವವರನ್ನು ಅತಿ ಹೆಚ್ಚು ಕಾಡುವುದು ಇದೇ, ಮತ್ತು ಇದನ್ನು ಹಾರ್ಡ್‌ವೇರ್ ದೋಷವೆಂದು ಭಾವಿಸಿ ಬೋರ್ಡ್ ಬದಲಿಸುವುದು ಬಹುಪಾಲು ವ್ಯರ್ಥ. ಸ್ವೀಕಾರ ಬಫರ್‌ನಲ್ಲಿ ಪ್ರತಿ ಫ್ರೇಮ್‌ನ ಮುಂದೆ ಚಿಪ್ ಎರಡು ಬೈಟ್‌ಗಳ ಉದ್ದವನ್ನು ಬರೆದಿಡುತ್ತದೆ, ದೊಡ್ಡ ಬೈಟ್ ಮೊದಲು; ಆ ಉದ್ದದಲ್ಲಿ ಈ ಎರಡು ಬೈಟ್‌ಗಳೂ ಸೇರಿರುತ್ತವೆ. ಅಂದರೆ ಉದ್ದ 62 ಎಂದಿದ್ದರೆ ಫ್ರೇಮ್ 60 ಬೈಟ್, ಮುಂದಿನ ಫ್ರೇಮ್ ಆರಂಭವಾಗುವುದು 62 ಬೈಟ್ ಆಚೆ. ಇಲ್ಲಿ ಎರಡು ಬೈಟ್ ಹೆಚ್ಚು ಅಥವಾ ಕಡಿಮೆ ಸರಿದರೆ, ಅಂಗಿಯ ಮೊದಲ ಗುಂಡಿ ತಪ್ಪಿದಂತೆ ಮುಂದಿನದೆಲ್ಲವೂ ತಪ್ಪುತ್ತದೆ: ಯಾವುದೋ ಫ್ರೇಮ್‌ನ ನಡುವಿನ ಎರಡು ಬೈಟ್ ಉದ್ದವೆನಿಸಿಕೊಳ್ಳುತ್ತದೆ, ಕೋಡ್ ಅಷ್ಟನ್ನು ಓದಿ ಇನ್ನೂ ದೂರ ಜಿಗಿಯುತ್ತದೆ.

ಫ್ರೇಮ್ ಒಂದೊಂದಾಗಿ ಬಂದಾಗ ಸರಿಯಾಗಿದ್ದು, ಬೆನ್ನುಬೆನ್ನಿಗೆ ಬಂದಾಗ ಮಾತ್ರ ಕೆಟ್ಟರೆ, ಹೆಕ್ಸ್ 0026ರಲ್ಲಿ ಕಾಣುವ ಒಟ್ಟು ಗಾತ್ರವನ್ನು ಕೋಡ್ ಒಂದೇ ಫ್ರೇಮ್‌ನ ಉದ್ದವೆಂದು ತಿಳಿದಿದೆ. ಆ ಗಾತ್ರದಲ್ಲಿ ಹಲವು ಫ್ರೇಮ್‌ಗಳಿರಬಹುದು. ಅದೇ ರಿಜಿಸ್ಟರ್‌ನ ಎರಡು ಬೈಟ್‌ಗಳನ್ನು ಓದುವ ನಡುವೆಯೇ ಹೊಸ ಫ್ರೇಮ್ ಬಂದು ಮೌಲ್ಯ ಬದಲಾಗುವುದೂ ಉಂಟು. ಎರಡು ಸಲ ಓದಿ, ಎರಡೂ ಒಂದೇ ಆದಾಗ ಮಾತ್ರ ನಂಬಬೇಕು. ಅಪರೂಪಕ್ಕೆ, ಕ್ರಮವಿಲ್ಲದೆ ಕೆಡುವ ಬೋರ್ಡ್‌ಗಳಲ್ಲಿ ಮೊದಲು ಸಂಶಯಿಸಬೇಕಾದದ್ದು ಇದನ್ನೇ.

ಒಂದೇ ಫ್ರೇಮ್ ಮತ್ತೆ ಮತ್ತೆ ಬರುತ್ತಿದ್ದು ಕೊನೆಗೆ ಎಲ್ಲವೂ ನಿಂತರೆ, ಓದುವ ಸೂಚಕವನ್ನು ಬರೆದ ಮೇಲೆ ಕೊಡಬೇಕಾದ ಸ್ವೀಕಾರ ಆದೇಶ, ಹೆಕ್ಸ್ 40, ಬಿಟ್ಟುಹೋಗಿದೆ. ಸೂಚಕವನ್ನು ಬರೆದ ಮಾತ್ರಕ್ಕೆ ಜಾಗ ತೆರವಾಗುವುದಿಲ್ಲ. ಆ ಆದೇಶ ಬಂದಾಗಲೇ ಚಿಪ್ ಹೊಸ ಸೂಚಕವನ್ನು ಒಪ್ಪುತ್ತದೆ.

ಎಲ್ಲವನ್ನೂ ಸರಿಪಡಿಸಿದ ಮೇಲೂ ಒಂದು ಕಾವಲು ಇರಲೇಬೇಕು. ಓದಿದ ಉದ್ದದಿಂದ 2 ಕಳೆದಾಗ ಉಳಿಯುವುದು 60ಕ್ಕಿಂತ ಕಡಿಮೆ ಅಥವಾ 1514ಕ್ಕಿಂತ ಹೆಚ್ಚು ಎಂದಾದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಿ, ಸಾಕೆಟನ್ನು ಮುಚ್ಚಿ ಮತ್ತೆ ತೆರೆಯಿರಿ (ವಿಎಲ್‌ಎಎನ್, ಅಂದರೆ ಒಂದೇ ಜಾಲದೊಳಗಿನ ಪ್ರತ್ಯೇಕ ವಿಭಾಗಗಳನ್ನು, ಬಳಸುವ ಜಾಲವಾದರೆ ಮೇಲಿನ ಮಿತಿ 1518). ದಾರಿ ತಪ್ಪಿದ ಸೂಚಕವನ್ನು ಊಹೆಯಿಂದ ಸರಿದಾರಿಗೆ ತರುವ ಪ್ರಯತ್ನ ಬೇಡ. ಇದು ಎಷ್ಟು ಸಲ ನಡೆಯಿತೆಂಬ ಎಣಿಕೆಯನ್ನು ಇಟ್ಟುಕೊಳ್ಳಿ. ಎಣಿಕೆ ಏರುತ್ತಲೇ ಇದ್ದರೆ ದೋಷ ಇನ್ನೂ ಒಳಗಿದೆ, ಮತ್ತು ಹೆಚ್ಚಿನ ಸಲ ಎಸ್‌ಪಿಐ ವೇಗವನ್ನು ತಗ್ಗಿಸಿ ನೋಡಿದಾಗ ಅದರ ಸುಳಿವು ಸಿಗುತ್ತದೆ.

ಲಕ್ಷಣ: ದಟ್ಟಣೆ ಹೆಚ್ಚಾದಾಗ ಫ್ರೇಮ್‌ಗಳು ಕಾಣೆಯಾಗುತ್ತವೆ

ರಿಸೆಟ್ ನಂತರ ಪ್ರತಿ ಸಾಕೆಟ್‌ಗೆ 2 ಕಿಲೊಬೈಟ್ ಸ್ವೀಕಾರ ಬಫರ್ ಇರುತ್ತದೆ. ಪೂರ್ಣ ಗಾತ್ರದ ಫ್ರೇಮ್ ಅದರಲ್ಲಿ ಒಂದೇ ಹಿಡಿಯುತ್ತದೆ. ಉಳಿದ ಏಳು ಸಾಕೆಟ್‌ಗಳ ಪಾಲನ್ನು ಮೊದಲು ಸೊನ್ನೆ ಮಾಡಿ, ಆಮೇಲೆ 0ನೇ ಸಾಕೆಟ್‌ಗೆ 16 ಕಿಲೊಬೈಟ್ ಕೊಡಿ. ಒಟ್ಟು 16 ಮೀರಿದರೆ ಬಫರ್‌ಗಳು ಒಂದರ ಮೇಲೊಂದು ಬಿದ್ದು ಕಸ ಹುಟ್ಟುತ್ತದೆ.

ಆದರೂ ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕು. 100 ಮೆಗಾಬಿಟ್ ತಂತಿಯಲ್ಲಿ ಪೂರ್ಣ ಫ್ರೇಮ್ ಒಂದಕ್ಕೆ ಹಿಡಿಯುವುದು ಸುಮಾರು 123 ಮೈಕ್ರೊಸೆಕೆಂಡ್. ಅದನ್ನೇ 8 ಮೆಗಾಹರ್ಟ್ಸ್ ಎಸ್‌ಪಿಐನಲ್ಲಿ ಓದಲು ಸುಮಾರು 1.5 ಮಿಲಿಸೆಕೆಂಡ್, 33 ಮೆಗಾಹರ್ಟ್ಸ್‌ನಲ್ಲಿ ಸುಮಾರು 370 ಮೈಕ್ರೊಸೆಕೆಂಡ್ ಬೇಕು. 16 ಕಿಲೊಬೈಟ್‌ನಲ್ಲಿ ಹತ್ತು ದೊಡ್ಡ ಫ್ರೇಮ್ ಹಿಡಿಯುತ್ತವೆ, ಅಂದರೆ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚಿನ ಅವಕಾಶ. ಹೀಗಾಗಿ ಮ್ಯಾಕ್ ಫಿಲ್ಟರ್ ಹಾಕಿ ಬೇಡದ್ದನ್ನು ಹೊರಗಿಡುವುದು ಇಲ್ಲಿ ಅನಿವಾರ್ಯ. ಅದೂ ಸಾಲದಿದ್ದರೆ ಭೌತಿಕ ಭಾಗವನ್ನು 10 ಮೆಗಾಬಿಟ್‌ಗೆ ಇಳಿಸಬಹುದು. ಫ್ರೇಮ್‌ಗಳನ್ನು ತಡೆದಿಟ್ಟುಕೊಳ್ಳುವ ಕೆಲಸವನ್ನು ಆಗ ಸ್ವಿಚ್ ಹೊರುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಆದರೆ ಹಾಗೆ ಬಲವಂತವಾಗಿ ಇಳಿಸುವಾಗ ಅರ್ಧ ದ್ವಿಮುಖವನ್ನೇ (ಒಂದು ಹೊತ್ತಿಗೆ ಒಂದೇ ಕಡೆಗೆ ಹೋಗುವುದನ್ನು) ಆರಿಸಿ. ವೇಗ ಒಪ್ಪಿಕೊಳ್ಳುವ ಮಾತುಕತೆಗೆ ಉತ್ತರ ಸಿಗದ ಸ್ವಿಚ್ ಅರ್ಧ ದ್ವಿಮುಖವನ್ನೇ ಊಹಿಸಿಕೊಳ್ಳುವುದರಿಂದ, ನೀವು ಪೂರ್ಣವನ್ನು ಇಟ್ಟರೆ ಎರಡು ಕಡೆ ಹೊಂದದೆ ಫ್ರೇಮ್ ನಷ್ಟ ಇನ್ನೂ ಹೆಚ್ಚುತ್ತದೆ.

ಲಕ್ಷಣ: ಎರಡನೇ ಬೋರ್ಡ್ ಹಾಕಿದೊಡನೆ ಎರಡೂ ತಡವರಿಸುತ್ತವೆ

ಮಾದರಿ ಕೋಡ್‌ನಿಂದ ಎತ್ತಿಕೊಂಡ ಮ್ಯಾಕ್ ವಿಳಾಸವೇ ಎರಡರಲ್ಲೂ ಇದೆ. ಸ್ವಿಚ್‌ಗೆ ಆ ವಿಳಾಸ ಯಾವ ಪೋರ್ಟ್‌ನಲ್ಲಿದೆ ಎಂಬುದು ಕ್ಷಣಕ್ಷಣಕ್ಕೆ ಬದಲಾಗುತ್ತಿರುತ್ತದೆ. ಬೋರ್ಡ್ ಒಂದೇ ಇದ್ದು ಎಆರ್‌ಪಿ ಅಥವಾ ಪಿಂಗ್‌ಗೆ ಎರಡೆರಡು ಉತ್ತರ ಬರುತ್ತಿದ್ದರೆ, ನಿಮ್ಮ ಸ್ಟ್ಯಾಕ್ ಜೊತೆ ಚಿಪ್‌ನ ಸ್ವಂತ ಸ್ಟ್ಯಾಕ್ ಕೂಡ ಉತ್ತರಿಸುತ್ತಿರಬಹುದು. ಚಿಪ್‌ನ ಐಪಿ ವಿಳಾಸದ ರಿಜಿಸ್ಟರನ್ನು ಸೊನ್ನೆಯಾಗಿಯೇ ಬಿಟ್ಟು ಮತ್ತೆ ನೋಡಿ.

ಎಲ್ಲಿಗೆ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಸರಿಯಿದೆ ಎಂದು ಗೊತ್ತಿರುವ ಇನ್ನೊಂದು ಮಾಡ್ಯೂಲ್‌ಗೆ ಅದೇ ತಂತಿ, ಅದೇ ಕೋಡ್ ಹಾಕಿ ನೋಡಿ. ಅದು ನಡೆದರೆ ಮೊದಲ ಮಾಡ್ಯೂಲ್ ಕೆಟ್ಟಿದೆ, ಕೋಡ್ ಮುಟ್ಟಬೇಕಿಲ್ಲ. ಕ್ರಿಸ್ಟಲ್ ಕಂಪಿಸದಿರುವುದು, ವಿದ್ಯುತ್ ಶಾರ್ಟ್, ಸಿಡಿಲಿನ ನಂತರ ಸತ್ತ ಪೋರ್ಟ್ ಇವು ಮನೆಯಲ್ಲಿ ಸರಿಪಡಿಸುವಂತಹವಲ್ಲ. 48 ಕಾಲುಗಳ, ಅರ್ಧ ಮಿಲಿಮೀಟರ್ ಅಂತರದ ಈ ಚಿಪ್ಪನ್ನು ಬಿಚ್ಚಿ ಬೆಸೆಯಲು ಬಿಸಿಗಾಳಿಯ ರೀವರ್ಕ್ ಸಲಕರಣೆ ಮತ್ತು ಅನುಭವ ಎರಡೂ ಬೇಕು. ನಿಮ್ಮ ಪುಟ್ಟ ಸ್ವಿಚ್‌ನಲ್ಲಿ ನಡೆದು ಸಂಸ್ಥೆಯ ಜಾಲದಲ್ಲಿ ನಡೆಯದಿದ್ದರೆ, ಅಲ್ಲಿನ ಪೋರ್ಟ್ ಭದ್ರತೆ ಹೊಸ ಮ್ಯಾಕ್ ವಿಳಾಸವನ್ನು ತಡೆಯುತ್ತಿರಬಹುದು. ಅದನ್ನು ದಾಟುವ ಉಪಾಯ ಹುಡುಕದೆ ಜಾಲದ ನಿರ್ವಾಹಕರನ್ನು ಕೇಳಿ. ಸಹಾಯ ಕೇಳಲು ಹೋಗುವಾಗ ಆವೃತ್ತಿ ಮತ್ತು ಭೌತಿಕ ಸ್ಥಿತಿ ರಿಜಿಸ್ಟರ್‌ಗಳ ಮೌಲ್ಯ, ಎಸ್‌ಪಿಐ ವೇಗ, ಚಿಪ್‌ನ ಬಳಿ ಅಳೆದ ವೋಲ್ಟೇಜ್, ಮತ್ತು ಕೆಡುವ ಮುಂಚಿನ ಹಾಗೂ ನಂತರದ ಫ್ರೇಮ್‌ಗಳಿರುವ ವೈರ್‌ಶಾರ್ಕ್ ಕಡತವನ್ನು ಜೊತೆಗೆ ಕೊಡಿ.